ದಾಲ್ಸುವಿನ ರಕ್ತಕ್ಕೆ ಬಂದ ಅಂಕಗಳು

ಮಾ ದಾಲ್ಸುವಿಗೆ ಸುಸ್ತಾಗಿ ಎರಡು ವರ್ಷವಾಗಿತ್ತು. ಮನುಷ್ಯನಿಗೆ ಒಂದು ದಿನ ಸುಸ್ತಾದರೆ ಜನ ಅಯ್ಯೋ ಪಾಪ ಅನ್ನುತ್ತಾರೆ, ಒಂದು ವಾರ ಸುಸ್ತಾದರೆ ಗಂಜಿ ಕಳಿಸಿಕೊಡುತ್ತಾರೆ, ಎರಡು ವರ್ಷ ಸುಸ್ತಾದರೆ ಸೋಮಾರಿ ಅನ್ನುತ್ತಾರೆ. ಕೊರಿಯಾದ ತೆಂಕಣ ಕಡಲಿನ ಆ ಸಣ್ಣ ದ್ವೀಪದಲ್ಲಿ ದಾಲ್ಸು ಮೊದಲೆರಡು ಘಟ್ಟಗಳನ್ನು ಯಾವಾಗಲೋ ದಾಟಿ ಮೂರನೆಯದರಲ್ಲಿ ಖಾಯಮ್ಮಾಗಿ ನೆಲೆಸಿದ್ದ.

ಜೂನ್ ಬಂತೆಂದರೆ ಆ ಊರಿನಲ್ಲಿ ಸತ್ತವರಿಗೆ ಮಾತ್ರ ರಜೆ. ಬೆಳಕು ಹರಿಯುವ ಮೊದಲೇ ದೋಣಿಗಳು ಕಡಲಸೊಪ್ಪನ್ನು ತಂದು ದಡಕ್ಕೆ ಸುರಿಯುತ್ತವೆ. ಆಳೆತ್ತರದ ಒಂದೊಂದು ಎಲೆಯನ್ನೂ ಬಗ್ಗಿ ಬಗ್ಗಿ ಒಣಗಲು ಕಣದ ಬಲೆಯ ಮೇಲೆ ಹಾಸಬೇಕು, ಮಧ್ಯಾಹ್ನ ಮಗುಚಬೇಕು, ಸಂಜೆ ಎತ್ತಬೇಕು. ನಡುವೆ ಒಂದು ಮಳೆ ಬಿದ್ದರೆ ಸೊಪ್ಪಿನ ಮೇಲೆ ಬಿಳಿ ಕಲೆ ಕೂತು, ಆಮೇಲೆ ಅದನ್ನು ಕಣ್ಣೆತ್ತಿ ನೋಡುವವರಿಲ್ಲ. ದಾಲ್ಸು ಐದು ಎಲೆ ಹಾಸಿ, ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂರುತ್ತಿದ್ದ. ಮಿಕ್ಕ ಐನೂರನ್ನು ಅವನ ಹೆಂಡತಿ ಬೊಕ್ನಿಮ್ ಹಾಸುತ್ತಿದ್ದಳು.

ಇದನ್ನೆಲ್ಲ ಊರ ಮುಖಂಡ ಪಾಂಗ್ ತನ್ನ ಕಚೇರಿಯ ಕಿಟಕಿಯಿಂದ ನೋಡುತ್ತಿದ್ದ. ಪಾಂಗ್ ಮೂವತ್ತು ವರ್ಷ ಒಂದು ಶಾಲೆಯಲ್ಲಿ ಗುಮಾಸ್ತನಾಗಿ ಮಕ್ಕಳ ಅಂಕ ಕೂಡಿಸಿ ನಿವೃತ್ತನಾದವನು. ಊರಿನ ಧ್ವನಿವರ್ಧಕದ ಮೈಕು ಕೈಗೆ ಬಂದ ಮೇಲೆ ಅವನು ಬಾಯಿಂದ ನೇರವಾಗಿ ಮಾತಾಡುವುದನ್ನೇ ಬಿಟ್ಟಿದ್ದ. ಮಧ್ಯಾಹ್ನದ ಊಟಕ್ಕೆ ಏನು ಎಂದು ಹೆಂಡತಿಯನ್ನು ಕೇಳುವುದಕ್ಕೂ ಮೈಕೇ ಬೇಕು, ಅದು ಹದಿನಾಲ್ಕು ಕಂಬಗಳ ಮೂಲಕ ಇಡೀ ಊರಿಗೆ ಕೇಳಿಸಬೇಕು.

"ಗಮನಿಸಿ, ಗಮನಿಸಿ," ಎನ್ನುತ್ತಿತ್ತು ಧ್ವನಿವರ್ಧಕ. "ಮಾ ದಾಲ್ಸು ಅವರ ಕಣದಲ್ಲಿ ಸೊಪ್ಪು ಇನ್ನೂ ಮಗುಚಿಲ್ಲ. ಮಾ ದಾಲ್ಸು ಅವರು ಬುಟ್ಟಿ ಮೇಲೆ ಕೂತಿದ್ದಾರೆ. ನಂಗೆ ಇಲ್ಲಿಂದ ಕಾಣಿಸ್ತಿದೆ."

ಹೀಗಿರುವಾಗ ಒಂದು ಬೆಳಿಗ್ಗೆ ಟೀವಿಯಲ್ಲಿ ಬಿಳಿ ಕೋಟಿನ ವೈದ್ಯನೊಬ್ಬ ಥೈರಾಯ್ಡ್ ಬಗ್ಗೆ ಮಾತಾಡಿದ. ಕುತ್ತಿಗೆಯಲ್ಲಿರುವ ಈ ಗ್ರಂಥಿಯ ಹಾರ್ಮೋನು ಮೈಗೆ ಚೈತನ್ಯ ಕೊಡುತ್ತದಂತೆ. ಅದು ಕಡಿಮೆಯಾದರೆ ಸುಸ್ತು, ಚಳಿ, ಮರೆವು, ಮುಖ ಊದುವುದು, ಕೂದಲು ಉದುರುವುದು, ದನಿ ಒಡೆಯುವುದು. ದಾಲ್ಸು ಬೆರಳು ಮಡಚಿ ಎಣಿಸಿದ. ಸುಸ್ತು ತನ್ನದೇ, ಚಳಿ ತನ್ನದೇ, ಮರೆವು ಇದ್ದರೂ ಇರಬಹುದು, ನೆನಪಿಲ್ಲ. ಮಿಕ್ಕವು ಅವನಿಗೆ ಹೊಂದಲಿಲ್ಲವಾದ್ದರಿಂದ ಬಿಟ್ಟುಬಿಟ್ಟ.

ಅವತ್ತೇ ಹೋಗಿ ಪಾಂಗ್‌ನೆದುರು ನಿಂತ. "ಮುಖಂಡ್ರೇ, ನಾನು ಸೋಮಾರಿ ಅಲ್ಲ. ನನಗೆ ಥೈರಾಯ್ಡ್."

"ನಮ್ಮಪ್ಪನ ಕಾಲದಲ್ಲಿ ಇದನ್ನ ಮೈಗಳ್ಳತನ ಅಂತಿದ್ರು," ಎಂದ ಪಾಂಗ್. "ಈಗ ಹೆಸರು ಇಂಗ್ಲಿಷಲ್ಲಿ ಬಂದಿದೆ."

"ರಕ್ತ ಪರೀಕ್ಷೆ ಮಾಡಿಸ್ತೀನಿ. ರಕ್ತ ಸುಳ್ಳು ಹೇಳುತ್ತಾ?"

ಪಾಂಗ್ ಮೈಕಿನ ಗುಂಡಿ ಒತ್ತಿದ. ಇಂಥ ಒಪ್ಪಂದಕ್ಕೆ ಊರೇ ಸಾಕ್ಷಿಯಾಗಬೇಕು. "ಗಮನಿಸಿ, ಗಮನಿಸಿ. ದಾಲ್ಸುಗೆ ಕಾಯಿಲೆ ಅಂತ ಕಾಗದ ಹೇಳಿದ್ರೆ, ಈ ಸೀಸನ್ ಪೂರ್ತಿ ಅವನಿಗೆ ನೆರಳಲ್ಲಿ ಕುರ್ಚಿ. ಕಂತೆಗೆ ಚೀಟಿ ಅಂಟಿಸ್ಕೊಂಡು ಕೂತಿರಲಿ, ಯಾರೂ ಕೇಳೋ ಹಾಗಿಲ್ಲ. ಕಾಯಿಲೆ ಇಲ್ಲ ಅಂದ್ರೆ ಅಲೆಗೋಡೆ ತುದೀಲಿರೋ ಊರೊಟ್ಟಿನ ಕಣ ಅವನದ್ದು. ಮಧ್ಯಾಹ್ನಕ್ಕೆ ನಮ್ಮನೇಲಿ ಏನಮ್ಮ?"

ಕಡಲಿನ ಅಲೆ ತಡೆಯಲು ಕಟ್ಟಿದ ಆ ಗೋಡೆಯ ತುದಿಯ ಕಣವೆಂದರೆ ಅರ್ಧ ಮೈಲಿ ನಡಿಗೆ, ಒಂದು ಹುಲ್ಲುಕಡ್ಡಿಯ ನೆರಳೂ ಇಲ್ಲ. ಆ ಕುರ್ಚಿಗಾಗಿ, ಅದಕ್ಕಿಂತ ಹೆಚ್ಚಾಗಿ ಸೋಮಾರಿ ಎಂಬ ಹೆಸರು ಕಳಚಿಹೋಗಲೆಂದು, ದಾಲ್ಸು ಊರಿನ ಆರೋಗ್ಯ ಕೇಂದ್ರದ ನರ್ಸಮ್ಮನ ಮುಂದೆ ತೋಳು ಚಾಚಲು ಸಿದ್ಧನಾದ.

ಪರೀಕ್ಷೆ ಅಂದಮೇಲೆ ಪರೀಕ್ಷೆಯೇ. ರಕ್ತ ಕೊಡುವ ಹಿಂದಿನ ದಿನ ದಾಲ್ಸು ಬೆಳಗಿನ ಊಟಕ್ಕೆ ಕೂತಾಗ ಮುಂದೆ ಮಿಯೊಕ್ ಎಂಬ ಕಡಲಸೊಪ್ಪಿನ ಸಾರಿನ ಬಟ್ಟಲಿತ್ತು. ಆ ಸೊಪ್ಪಿಗೆ ಜಾರುವ ಗುಣ. ತಿಂದವರು ಪರೀಕ್ಷೆಯಲ್ಲಿ ಜಾರಿ ಬೀಳುತ್ತಾರೆಂದು ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು.

"ನಿಂಗೆ ಬುದ್ಧಿ ಇದೆಯಾ?" ಎಂದು ಬಟ್ಟಲು ದೂರ ತಳ್ಳಿದ. "ನಾಳೆ ನನ್ನ ಪರೀಕ್ಷೆ. ಇವತ್ತೇ ಈ ಸಾರು ಮಾಡ್ಬೇಕಿತ್ತಾ?"

ಬೊಕ್ನಿಮ್ ಅವನ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು ಎರಡನ್ನೂ ತಾನೇ ಕುಡಿದಳು. ಈಚೆಗೆ ಅವಳು ಮಾತಾಡುವುದೇ ಕಡಿಮೆಯಾಗಿತ್ತು. ಆಡಿದರೂ ದನಿ ಹಳೆಯ ಬಾಗಿಲು ತೆರೆದ ಹಾಗೆ ಕರಕರ ಅನ್ನುತ್ತಿತ್ತು. ಜೂನ್ ತಿಂಗಳಲ್ಲೂ ಸ್ವೆಟರ್ ಹಾಕಿಕೊಂಡು ಚಳಿಗಾಲಕ್ಕೆಂದು ನೆಲದಡಿ ಹಾಯಿಸುವ ಬಿಸಿಯನ್ನು ಹೆಚ್ಚಿಸುತ್ತಿದ್ದಳು. ಬಚ್ಚಲಿನ ನೀರು ಹೋಗುವ ಕಿಂಡಿ ಅವಳ ಕೂದಲಿನಿಂದ ಕಟ್ಟಿಕೊಳ್ಳುತ್ತಿತ್ತು, ಅದನ್ನು ತೆಗೆಯಬೇಕಾಗಿ ಬಂದಾಗಲೆಲ್ಲ ದಾಲ್ಸುವಿಗೆ ಇನ್ನಷ್ಟು ಸುಸ್ತಾಗುತ್ತಿತ್ತು.

ವಾರ ಕಳೆದು ಫಲಿತಾಂಶದ ಲಕೋಟೆ ಬಂತು. ನರ್ಸಮ್ಮ ತರಬೇತಿಗೆಂದು ಪಟ್ಟಣಕ್ಕೆ ಹೋಗಿದ್ದಳು. ಆದ್ದರಿಂದ ಅಂಕಪಟ್ಟಿ ಓದುವುದರಲ್ಲಿ ಊರಿಗೇ ಹಿರಿಯನಾದ ಪಾಂಗ್ ಕನ್ನಡಕ ಒರೆಸಿಕೊಂಡು ಅದನ್ನು ಬಿಡಿಸಿದ. ಕಾಗದದ ಮೇಲೆ ಎರಡು ಸಾಲಿತ್ತು. ಮೊದಲನೆಯದು ಟಿಎಸ್‌ಎಚ್, ಥೈರಾಯ್ಡ್ ಪ್ರಚೋದಕ ಹಾರ್ಮೋನು: ಹನ್ನೆರಡು ಪಾಯಿಂಟ್ ಎಂಟು, ಪಕ್ಕದಲ್ಲಿ ಮೇಲಕ್ಕೆ ಮುಖ ಮಾಡಿದ ಕೆಂಪು ಬಾಣ. ಎರಡನೆಯದು ಟಿ-ಫೋರ್: ಸೊನ್ನೆ ಪಾಯಿಂಟ್ ಆರು, ಬಾಣ ಕೆಳಕ್ಕೆ.

ಪಾಂಗ್ ಬಹಳ ಹೊತ್ತು ನೋಡಿದ. ಅವನ ಮುಖದಲ್ಲಿ ಮೊದಲ ಬಾರಿಗೆ ದಾಲ್ಸುವಿನ ಬಗ್ಗೆ ಗೌರವ ಕಾಣಿಸಿತು.

"ಸಾಮಾನ್ಯ ಜನಕ್ಕೆ ನಾಲ್ಕು ಬಂದ್ರೆ ಹೆಚ್ಚು ಅಂತ ಇಲ್ಲೇ ಬರ್ದಿದಾರೆ. ನಿನಗೆ ಹನ್ನೆರಡು ಪಾಯಿಂಟ್ ಎಂಟು ಬಂದಿದೆಯಲ್ಲೋ."

"ಎರಡನೇದು?"

"ಅದರಲ್ಲಿ ಕಡಿಮೆ. ಒಂದು ವಿಷಯದಲ್ಲಿ ಹೋದ್ರೆ ಹೋಗ್ಲಿ, ಒಟ್ಟು ನೋಡ್ಬೇಕು." ಪಾಂಗ್ ಪೆನ್ಸಿಲ್ ತೆಗೆದು ಅಂಚಿನಲ್ಲಿ ಕೂಡಿಸಿದ. "ಹದಿಮೂರು ಪಾಯಿಂಟ್ ನಾಲ್ಕು. ಶಾಲೇಲಿ ಓದುವಾಗ ನೀನು ಯಾವತ್ತಾದ್ರೂ ಪೂರ್ಣಾಂಕಕ್ಕಿಂತ ಜಾಸ್ತಿ ತಗೊಂಡಿದ್ಯಾ?"

ತೆಗೆದುಕೊಂಡಿರಲಿಲ್ಲ. ಐವತ್ತೊಂಬತ್ತು ವರ್ಷದ ಬದುಕಿನಲ್ಲಿ ದಾಲ್ಸು ಯಾವುದರಲ್ಲೂ ಸರಾಸರಿಯನ್ನು ಮುಟ್ಟಿದವನೇ ಅಲ್ಲ. ಇದು ತನಗೆ ನಷ್ಟದ ಸುದ್ದಿಯೆಂದು ಅವನ ಬುದ್ಧಿಗೆ ಹೊಳೆಯುವ ಮೊದಲೇ ಎದೆ ಉಬ್ಬಿಬಿಟ್ಟಿತು. ಅದು ಇಳಿಯುವಷ್ಟರಲ್ಲಿ ಪಾಂಗ್ ಗುಂಡಿ ಒತ್ತಿಯಾಗಿತ್ತು.

"ಗಮನಿಸಿ, ಗಮನಿಸಿ. ದಾಲ್ಸು ರಕ್ತದಲ್ಲಿ ಚೈತನ್ಯದ ಹಾರ್ಮೋನು ಮೂರು ಆಳಿನಷ್ಟಿದೆ ಅಂತ ಸರ್ಕಾರಿ ಕಾಗದ ಹೇಳ್ತಿದೆ. ನಾಳೆಯಿಂದ ಅಲೆಗೋಡೆ ಕಣ ದಾಲ್ಸುದು. ಭಾರ ಎತ್ತೋ ಕೆಲಸ ಇದ್ದೋರು ಅವನಿಗೆ ಹೇಳ್ಬಹುದು."

ಹೇಳದವರೇ ಇರಲಿಲ್ಲ. ಪಕ್ಕದ ಮನೆಯ ಮುದುಕಿ ಮೂಲಂಗಿ ಉಪ್ಪಿನಕಾಯಿಯ ಮಣ್ಣಿನ ಜಾಡಿಗಳನ್ನು ಅಂಗಳದ ಈ ಮೂಲೆಯಿಂದ ಆ ಮೂಲೆಗೆ ಇಡಿಸಿದಳು, ಮನಸ್ಸು ಬದಲಾಯಿಸಿ ಮತ್ತೆ ಈ ಮೂಲೆಗೇ ತರಿಸಿದಳು. "ಹದಿಮೂರು ಪಾಯಿಂಟ್ ನಾಲ್ಕಂತೆ, ಇಷ್ಟು ದಿನ ಎಲ್ಲಿ ಬಚ್ಚಿಟ್ಕೊಂಡಿದ್ದೆಯೋ ಕಳ್ಳ," ಎಂದು ಬೆನ್ನು ತಟ್ಟಿದಳು. ದೋಣಿಯವರು ಲಂಗರು ಎಳೆಯಲು ಕರೆದರು. ದಾಲ್ಸು ಸುಸ್ತು ಎಂದರೆ ಈಗ ಯಾರೂ ಸೋಮಾರಿ ಎನ್ನುತ್ತಿರಲಿಲ್ಲ, ಸುಳ್ಳುಗಾರ ಎನ್ನುತ್ತಿದ್ದರು. ಅವನ ಕಷ್ಟಕ್ಕೆ ಸಿಕ್ಕ ಬಡ್ತಿ ಅಷ್ಟೇ.

ಸಾಲದ್ದಕ್ಕೆ ಆಚೆ ಹಳ್ಳಿಯಿಂದ ಅವನ ಅಕ್ಕ ಬಂದಳು. ಅಷ್ಟೊಂದು ಹಾರ್ಮೋನು ಅಂದರೆ ಮೈಯೆಲ್ಲ ಉಷ್ಣ, ತಂಪು ಮಾಡದಿದ್ದರೆ ತಮ್ಮ ಒಳಗೇ ಬೆಂದುಹೋಗುತ್ತಾನೆ ಎಂಬುದು ಅವಳ ತೀರ್ಮಾನ. ಮೊದಲು ನೆಲದ ಬಿಸಿಯನ್ನು ಆರಿಸಿದಳು. ಬಾವಿ ನೀರಿನ ಬಕೆಟ್ಟಿನಲ್ಲಿ ಅವನ ಕಾಲಿಡಿಸಿದಳು. ಮಂಜುಗಡ್ಡೆ ತೇಲುವ ಸೌತೆಕಾಯಿ ಸಾರಿಗೆ ಎರಡು ಚಮಚ ಕಡಲಸೊಪ್ಪಿನ ಪುಡಿ ಕಲಸಿ ಹೊತ್ತುಹೊತ್ತಿಗೂ ಕುಡಿಸಿದಳು.

"ಅಕ್ಕಾ, ಚಳಿ," ಎಂದ ದಾಲ್ಸು. ಹಲ್ಲು ಕಟಕಟ ಅನ್ನುತ್ತಿತ್ತು.

"ಉಷ್ಣ ಹೊರಗೆ ಬರ್ತಿದೆ, ಬರ್ಲಿ ಬಿಡು," ಎಂದಳು ಅಕ್ಕ. "ನೀನೂ ಕುಡಿಯೇ ಬೊಕ್ನಿಮ್, ಥೈರಾಯ್ಡಿಗೆ ನಮ್ಮ ಸೊಪ್ಪಿಗಿಂತ ಒಳ್ಳೇದು ಯಾವುದೂ ಇಲ್ಲ."

ಬೊಕ್ನಿಮ್ ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರ್ ಹಾಕಿಕೊಂಡು ಕುಡಿದಳು. ದಾಲ್ಸು ಅದನ್ನು ನೋಡಿ, ಇವಳಿಗೂ ತನ್ನನ್ನು ನೋಡಿ ಚಳಿಯೆಂದು ನಟಿಸುವ ಚಟ ಹತ್ತಿತಲ್ಲ ಎಂದು ಬೇಸರಪಟ್ಟುಕೊಂಡ.

ನಾಲ್ಕನೆಯ ದಿನ ಅಲೆಗೋಡೆಯ ಕಣದಲ್ಲಿ ಗಂಡಹೆಂಡಿರಿಬ್ಬರೂ ಊರೊಟ್ಟಿನ ಸೊಪ್ಪು ಹಾಸಿ ಮುಗಿಸುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ದಾಲ್ಸು ಕೊನೆಯ ಎಲೆ ಹಾಸಲು ಬಗ್ಗಿದವನು ಮೇಲೇಳಲಿಲ್ಲ. ಬಗ್ಗಿದ್ದೇ ಸಮ, ಅಲ್ಲೇ ಎರಡು ಎಲೆಗಳ ನಡುವೆ ಉದ್ದಕ್ಕೆ ಚಾಚಿಕೊಂಡ. ದೂರದಿಂದ ನೋಡಿದವರಿಗೆ ಅವನೂ ಒಂದು ಅಗಲವಾದ ಎಲೆಯ ಹಾಗೇ ಕಾಣುತ್ತಿದ್ದ.

"ಗಮನಿಸಿ, ಗಮನಿಸಿ," ಎಂದು ಕಂಬಗಳು ಅರಚಿದವು. "ಪಡುವಣದಿಂದ ಮಳೆ ಬರ್ತಿದೆ. ಎಲ್ಲರೂ ಸೊಪ್ಪು ಎತ್ತಿ. ದಾಲ್ಸು ಎದ್ದೇಳು. ದಾಲ್ಸು, ನಿನ್ನ ಹೆಂಡತಿ ಒಬ್ಬಳೇ ಓಡ್ತಿದಾಳೆ, ನಂಗೆ ಇಲ್ಲಿಂದ ಕಾಣಿಸ್ತಿದೆ."

ಬೊಕ್ನಿಮ್ ಒಬ್ಬಳೇ ಕಂತೆ ಹೊತ್ತು ಗೋಡೆಯುದ್ದಕ್ಕೂ ಓಡಾಡಿದಳು. ಗಂಡನನ್ನು ಕೂಗಲು ನೋಡಿದರೆ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಏಳನೆಯ ಕಂತೆಗೆ ಕಾಲು ಎಡವಿ ಕೂತವಳು, ಎರಡು ಉಸಿರು ಎಳೆದುಕೊಂಡು ಮತ್ತೆ ಎದ್ದಳು. ಮುಖದ ಮೇಲೆ ಮಳೆ ಬಿದ್ದು ದಾಲ್ಸು ಕಣ್ಣು ಬಿಟ್ಟಾಗ ಊರೊಟ್ಟಿನ ಅರ್ಧ ಸೊಪ್ಪು ನೆನೆದುಹೋಗಿತ್ತು, ಅದರ ಸುತ್ತ ಇಡೀ ಊರು ನಿಂತಿತ್ತು.

ಯಾರೂ ಬೈಯಲಿಲ್ಲ. ಅದೇ ದಾಲ್ಸುವಿಗೆ ಹೆಚ್ಚು ನೋವಾದದ್ದು.

"ನಾಳೆ ಮೊದಲ ದೋಣಿಗೆ ಪಟ್ಟಣದ ಆಸ್ಪತ್ರೆಗೆ ಹೋಗೋಣ," ಎಂದ ಪಾಂಗ್, ಮೈಕಿಲ್ಲದೆ, ಅಪರೂಪಕ್ಕೆ. "ಹದಿಮೂರು ಅಂಕ ಬಂದೋನು ಮಳೇಲಿ ಹೇಗೆ ನಿದ್ದೆ ಮಾಡ್ತಾನೆ ಅಂತ ನನ್ನ ಕಿವಿಯಾರೆ ಕೇಳ್ಬೇಕು."

ಆಸ್ಪತ್ರೆಯ ವೈದ್ಯೆ ತಾಕ್ ಮೂವತ್ತೈದರ ಹೆಂಗಸು. ಅವಳ ಮುಂದೆ ಸಾಲಾಗಿ ದಾಲ್ಸು, ಪಾಂಗ್ ಮತ್ತು ಚೀಲ ಹಿಡಿದ ಬೊಕ್ನಿಮ್ ಕೂತಿದ್ದರು. ವೈದ್ಯೆ ಕಾಗದ ನೋಡಿ, ಅಂಚಿನಲ್ಲಿದ್ದ ಪೆನ್ಸಿಲ್ ಲೆಕ್ಕದ ಮೇಲೆ ಬೆರಳಿಟ್ಟಳು.

"ಇದೇನು ಹದಿಮೂರು ಪಾಯಿಂಟ್ ನಾಲ್ಕು?"

"ಒಟ್ಟು," ಎಂದ ಪಾಂಗ್.

ವೈದ್ಯೆ ಕಾಗದವನ್ನು ಮೇಜಿನ ಮೇಲಿಟ್ಟಳು. ಬೆಳಗಿನಿಂದ ಅವಳಿಗೂ ಮೂವತ್ತು ಜನರನ್ನು ನೋಡಿ ಸಾಕಾಗಿತ್ತು. "ತಾತ, ನಿಮ್ಮೂರಲ್ಲಿ ಧ್ವನಿವರ್ಧಕ ಇದೆಯಾ?"

"ಇದೆ. ನಾನೇ ಅದು," ಎಂದ ಪಾಂಗ್ ನೆಟ್ಟಗೆ ಕೂತು.

"ಜನ ತಾವಾಗೇ ಕೆಲಸಕ್ಕೆ ಬಂದ್ರೆ ದಿನಕ್ಕೆ ಎಷ್ಟು ಸಲ ಕೂಗ್ತೀರಿ?"

"ಒಂದೋ ಎರಡೋ."

"ಯಾರೂ ಬರದೇ ಹೋದ್ರೆ?"

"ಗಂಟಲು ಹರಿದುಹೋಗೋವರೆಗೆ."

"ಹನ್ನೆರಡು ಪಾಯಿಂಟ್ ಎಂಟು ಅಂದ್ರೆ ಅದು. ಟಿಎಸ್‌ಎಚ್ ಚೈತನ್ಯ ಅಲ್ಲ, ಕೂಗು. ಥೈರಾಯ್ಡ್ ಕೆಲಸ ಮಾಡ್ತಿಲ್ಲ ಅಂತ ತಲೆಯೊಳಗಿಂದ ಮೈಕಲ್ಲಿ ಕಿರುಚ್ತಿದಾರೆ. ಕೆಳಗೆ ಸೊನ್ನೆ ಪಾಯಿಂಟ್ ಆರು ಇದೆಯಲ್ಲ, ಚೈತನ್ಯದ ಹಾರ್ಮೋನು ಅದು, ಕೆಲಸಕ್ಕೆ ಬಂದಿರೋದು ಅಷ್ಟೇ."

ಪಾಂಗ್ ಅಂಚಿನ ಪೆನ್ಸಿಲ್ ಲೆಕ್ಕವನ್ನು ಹೆಬ್ಬೆರಳಿನಿಂದ ಉಜ್ಜಿದ. "ಹಾಗಾದ್ರೆ ಅವೆರಡನ್ನ ಕೂಡಿಸಬಾರದಿತ್ತು," ಎಂದ.

"ಅಂದ್ರೆ ನನಗೆ ನಿಜವಾಗಿ ಕಾಯಿಲೆ," ಎಂದ ದಾಲ್ಸು. "ನಾನು ಸೋಮಾರಿ ಅಲ್ಲ. ಡಾಕ್ಟ್ರಮ್ಮ, ದೊಡ್ಡ ಅಕ್ಷರದಲ್ಲಿ ಬರೆದು ಮೊಹರು ಹಾಕಿಕೊಡ್ತೀರಾ?"

ವೈದ್ಯೆ ಬರೆದು ಮೊಹರು ಹಾಕಿದಳು. ದಾಲ್ಸು ಅದನ್ನು ನಾಲ್ಕಾಗಿ ಮಡಚಿ ಎದೆಯ ಜೇಬಿಗೆ ಸೇರಿಸಿ, ಮೇಲಿಂದ ಎರಡು ಸಲ ತಟ್ಟಿಕೊಂಡ. ಆ ಗಳಿಗೆಯಲ್ಲಿ ಅವನಷ್ಟು ಸಂತೋಷವಾಗಿದ್ದ ರೋಗಿ ಆ ಆಸ್ಪತ್ರೆಯಲ್ಲಿ ಇನ್ನೊಬ್ಬನಿರಲಿಲ್ಲ.

ಇನ್ನು ಔಷಧಿಯ ಮಾತು. ಗ್ರಂಥಿ ಮಾಡದ ಹಾರ್ಮೋನನ್ನು ಮಾತ್ರೆಯಾಗಿ ಕೊಡುವುದು, ದಿನಕ್ಕೆ ಒಂದು, ಬಹುಶಃ ಬದುಕಿರುವವರೆಗೂ. ದಾಲ್ಸುವಿಗೆ ಇದು ಬಹಳ ಸಪ್ಪೆ ಎನಿಸಿತು.

"ಎರಡು ವರ್ಷದ ಸುಸ್ತಿಗೆ ಇಷ್ಟು ಪುಟಾಣಿ ಮಾತ್ರೆಯಾ? ಇಂಜೆಕ್ಷನ್ ಇಲ್ವಾ?"

"ಬೇಕಿಲ್ಲ."

"ಬೇಗ ಏರೋ ಇನ್ನೊಂದು ಹಾರ್ಮೋನು ಇದೆಯಂತೆ, ಟೀವಿಲಿ ಹೇಳಿದ್ರು."

"ಇದೆ. ಅದು ಬೇಗ ಏರಿ ಬೇಗ ಇಳಿಯುತ್ತೆ, ಎದೆ ಡವಡವ ಅನ್ನುತ್ತೆ. ಈ ಮಾತ್ರೆಯಿಂದ ನಿಮ್ಮ ಮೈಯೇ ಬೇಕಾದಷ್ಟು ಅದನ್ನ ಮಾಡ್ಕೊಳ್ಳುತ್ತೆ."

"ಹಂದಿ ಥೈರಾಯ್ಡ್ ಒಣಗಿಸಿ ಪುಡಿ ಮಾಡಿದ್ದು?"

"ಅದರಲ್ಲಿ ಎರಡು ಹಾರ್ಮೋನೂ ಇರುತ್ತೆ, ಆದ್ರೆ ಮನುಷ್ಯನ ಅಳತೆಗಲ್ಲ, ಹಂದಿ ಅಳತೆಗೆ. ನನ್ನ ಸಲಹೆ ಬೇಡ ಅಂತ."

"ನಮ್ಮಕ್ಕ ಕಡಲಸೊಪ್ಪಿನ ಪುಡಿ ದಿನಾ ಆರು ಚಮಚ ಕೊಡ್ತಿದಾಳೆ."

ವೈದ್ಯೆ ಕಣ್ಣು ಮುಚ್ಚಿ ತೆರೆದಳು. "ಅದನ್ನ ಇವತ್ತೇ ನಿಲ್ಲಿಸಿ. ಸಾರಿಗೆ ಒಂದು ಚೂರು ಬಿದ್ರೆ ಪರವಾಗಿಲ್ಲ. ಚಮಚದಲ್ಲಿ ತಿಂದ್ರೆ ಮೊದಲೇ ಕುಂಟೋ ಥೈರಾಯ್ಡ್ ಕಾಲು ಮುರ್ಕೊಂಡು ಕೂರುತ್ತೆ. ಮಾತ್ರೆ ಖಾಲಿ ಹೊಟ್ಟೇಲಿ, ಬರೀ ನೀರಲ್ಲಿ. ಒಂದು ಗಂಟೆ ಊಟ ಇಲ್ಲ, ಕಾಫಿ ಇಲ್ಲ. ಆರು ವಾರ ಆದ್ಮೇಲೆ ಮತ್ತೆ ರಕ್ತ ನೋಡಿ ಅಳತೆ ಸರಿ ಮಾಡೋಣ. ನಾಳೆಯೇ ಓಡಾಡೋಕಾಗಲ್ಲ, ನಿಧಾನ."

"ಬೆಳಿಗ್ಗೆ ಎಷ್ಟೊತ್ತಿಗೆ ಕೊಡ್ಬೇಕು ಅವರಿಗೆ?" ಎಂದಳು ಬೊಕ್ನಿಮ್. ಅಲ್ಲಿಗೆ ಬಂದಮೇಲೆ ಅವಳು ಆಡಿದ ಮೊದಲ ಮಾತು ಅದು.

ವೈದ್ಯೆಯ ಪೆನ್ನು ನಿಂತಿತು. ಅವಳು ಬೊಕ್ನಿಮ್‌ಳ ಊದಿದ ಕಣ್ಣುರೆಪ್ಪೆ ನೋಡಿದಳು, ಎರಡು ಸ್ವೆಟರ್ ನೋಡಿದಳು, ಕೈ ಮುಟ್ಟಿ ನೋಡಿದಳು. "ಅಮ್ಮ, ಈ ದನಿ ಯಾವಾಗಿಂದ ಹೀಗಿದೆ?"

"ಯಾರಿಗ್ಗೊತ್ತು. ಮಾತಾಡಿದ್ರೆ ತಾನೇ ಗೊತ್ತಾಗೋದು."

ಅವಳ ರಕ್ತವನ್ನೂ ತೆಗೆದರು. ಎದೆಬಡಿತದ ಪರೀಕ್ಷೆಯನ್ನೂ ಮಾಡಿದರು. ಚೀಟಿ ಬರೆಯುವ ನರ್ಸ್ ಗುರುತಿನ ಕಾರ್ಡು ನೋಡುತ್ತ, "ಈ ತಿಂಗಳೇ ಹುಟ್ಟಿದ ಹಬ್ಬ ಆಯ್ತಲ್ಲಮ್ಮ, ಒಂಬತ್ತನೇ ತಾರೀಕು. ಮಿಯೊಕ್ ಸಾರು ಕುಡಿದ್ರಾ?" ಎಂದು ಕೇಳಿದಳು.

"ಎರಡು ಬಟ್ಟಲು," ಎಂದಳು ಬೊಕ್ನಿಮ್.

ಹುಟ್ಟಿದ ಹಬ್ಬಕ್ಕೆ ಆ ಸಾರು ಮಾಡಿಕೊಡಲು ಮನೆಯಲ್ಲಿ ಯಾರೂ ಇಲ್ಲದವರು ಮಾತ್ರ ತಾವೇ ಮಾಡಿಕೊಳ್ಳುತ್ತಾರೆ. ದಾಲ್ಸುವಿಗೆ ತಾನು ತಳ್ಳಿದ ಬಟ್ಟಲು ನೆನಪಾಯಿತು. ಅವನು ಗೋಡೆಗೆ ಅಂಟಿಸಿದ್ದ ಲಸಿಕೆಯ ಸೂಚನೆಯನ್ನು ಮೊದಲಿಂದ ಕೊನೆಯವರೆಗೆ ಓದಿದ, ಒಂದಕ್ಷರವೂ ತಲೆಗೆ ಹೋಗಲಿಲ್ಲ.

ಕೊನೆಯ ದೋಣಿಗೆ ಒಂದು ಗಂಟೆ ಇರುವಾಗ ಫಲಿತಾಂಶ ಬಂತು. ಟಿಎಸ್‌ಎಚ್ ಅರವತ್ತೊಂದು ಪಾಯಿಂಟ್ ನಾಲ್ಕು. ಟಿ-ಫೋರ್ ಸೊನ್ನೆ ಪಾಯಿಂಟ್ ಎರಡು. ಈ ಸಲ ಪಾಂಗ್ ಕೂಡಿಸಲಿಲ್ಲ. ಅರವತ್ತೊಂದು ಎಂದರೆ ಎಷ್ಟು ದೊಡ್ಡ ಕೂಗೆಂದು ಅವನೊಬ್ಬನಿಗೆ ಸರಿಯಾಗಿ ಅಂದಾಜಿತ್ತು, ಅಷ್ಟು ಕೂಗಲು ಅವನ ಹದಿನಾಲ್ಕು ಕಂಬಗಳಿಗೂ ಶಕ್ತಿಯಿರಲಿಲ್ಲ.

"ಅಮ್ಮ, ನೀವು ಹೇಗೆ ನಿಂತಿದೀರಿ?" ಎಂದಳು ವೈದ್ಯೆ ಮೆಲ್ಲಗೆ. "ಸುಸ್ತು ಅಂತ ಯಾರಿಗೂ ಹೇಳ್ಲಿಲ್ವಾ?"

ಬೊಕ್ನಿಮ್ ಚೀಲವನ್ನು ಮಡಿಲಲ್ಲಿ ಸರಿಮಾಡಿಕೊಂಡಳು. "ಮನೇಲಿ ಒಬ್ರು ಹೇಳ್ತಾ ಇದ್ರಲ್ಲ," ಎಂದಳು.

ಅವಳು ಅದನ್ನು ಚುಚ್ಚಲೆಂದು ಹೇಳಿರಲಿಲ್ಲ, ಇದ್ದದ್ದನ್ನು ಹೇಳಿದ್ದಳು. ದಾಲ್ಸುವಿಗೆ ನಾಚಿಕೆಯಾಯಿತು. ಬುಟ್ಟಿಯ ಮೇಲೆ ಕೂತಾಗ ಆಗದ, ಮಳೆಯಲ್ಲಿ ಎದ್ದಾಗಲೂ ಆಗದ ನಾಚಿಕೆ. ಎದೆಯ ಜೇಬಿನ ಮೊಹರಿನ ಕಾಗದವನ್ನು ಮತ್ತೆ ತಟ್ಟಿಕೊಳ್ಳಲು ಕೈ ಏಳಲಿಲ್ಲ. ವಾಪಸು ದೋಣಿಯಲ್ಲಿ ಮೂವರೂ ಒಂದೇ ಬೆಂಚಿನಲ್ಲಿ ಕೂತಿದ್ದರು. ಮಾತಾಡಲು ಒಬ್ಬಳಿಗೆ ದನಿಯಿರಲಿಲ್ಲ, ಇಬ್ಬರಿಗೆ ಮುಖವಿರಲಿಲ್ಲ.

ಮರುದಿನ ಬೆಳಿಗ್ಗೆ ದಾಲ್ಸು ಮೊದಲು ಎದ್ದ. ನೆಲದ ಬಿಸಿ ಹಚ್ಚಿದ. ಇಬ್ಬರ ಮಾತ್ರೆಯನ್ನೂ ಎರಡು ಲೋಟ ನೀರನ್ನೂ ತಂದಿಟ್ಟ. ಹೆಂಡತಿ ಅಭ್ಯಾಸಬಲದಿಂದ ಅಡುಗೆಮನೆಗೆ ಹೊರಟವಳನ್ನು ತಡೆದು, ಗಡಿಯಾರದ ಮುಂದೆ ಒಂದು ಗಂಟೆ ಪೂರ್ತಿ ಕಾವಲು ಕೂತ. ಆಮೇಲೆ ಅವಳಿಗೆ ಮೂಲಂಗಿ ಸಾರು ಬಡಿಸಿದ. ಉಪ್ಪು ಹಾಕಲು ಮರೆತಿದ್ದ. ಅವಳು ಬಟ್ಟಲು ಖಾಲಿ ಮಾಡಿದಳು.

ಕಣದ ಕೊಟ್ಟಿಗೆಯ ನೆರಳಿನಲ್ಲಿ ಪಾಂಗ್ ಮಾತಿಗೆ ತಪ್ಪದೆ ಕುರ್ಚಿ ಹಾಕಿಸಿದ್ದ, ಬೆನ್ನಿಗೆ ಒಂದು ದಿಂಬನ್ನೂ ಇಟ್ಟಿದ್ದ. ದಾಲ್ಸು ಬೊಕ್ನಿಮ್‌ಳನ್ನು ತೋಳು ಹಿಡಿದು ತಂದು ಅದರಲ್ಲಿ ಕೂರಿಸಿದ.

"ಇದು ನಿಮ್ಮ ಕುರ್ಚಿ," ಎಂದಳು ಅವಳು.

"ಅಂಕ ಜಾಸ್ತಿ ಬಂದೋರದ್ದು," ಎಂದ ದಾಲ್ಸು.

ಅವಳಿಗೆ ಕೂರುವುದು ಗೊತ್ತಿರಲಿಲ್ಲ. ತುದಿಯಲ್ಲಿ ಕೂತು, ಕೈ ಎಲ್ಲಿಡಬೇಕೆಂದು ತಿಳಿಯದೆ, ಕೊನೆಗೆ ಮಂಡಿಯ ಮೇಲಿಟ್ಟಳು. "ಎಷ್ಟೊತ್ತು ಕೂತಿರ್ಬೇಕು?"

"ಆರು ವಾರ."

ದಾಲ್ಸು ಅಲೆಗೋಡೆಯ ಕಣಕ್ಕೆ ನಡೆದ. ಒಂದು ದಿನದ ಮಾತ್ರೆಗೆ ಸುಸ್ತು ಹೋಗುವುದಿಲ್ಲವೆಂದು ವೈದ್ಯೆ ಹೇಳಿದ್ದು ನಿಜವಾಗಿತ್ತು. ಒಂದೊಂದು ಎಲೆಗೂ ಸೊಂಟ ಬೇಡವೆನ್ನುತ್ತಿತ್ತು, ಕಣ್ಣು ಮುಚ್ಚಿಕೊಂಡು ಹೋಗುತ್ತಿತ್ತು. ಐದು ಎಲೆ ಹಾಸಿದ, ಬುಟ್ಟಿಯನ್ನು ನೋಡಿದ, ಆರನೆಯದನ್ನು ಎತ್ತಿಕೊಂಡ. ಅರವತ್ತೊಂದು ಅಂಕದವಳು ಇದನ್ನೇ ಐನೂರು ಸಲ ಮಾಡುತ್ತಿದ್ದಳು ಎಂಬ ಲೆಕ್ಕ ಅವನ ತಲೆಯಿಂದ ಹೋಗಲೇ ಇಲ್ಲ.

ಮಧ್ಯಾಹ್ನ ಸೊಪ್ಪು ಮಗುಚುವ ಹೊತ್ತಾಯಿತು. ಪಾಂಗ್ ಕಚೇರಿಯ ಕಿಟಕಿಯಿಂದ ನೋಡಿದ. ಕೊಟ್ಟಿಗೆಯ ನೆರಳಿನಲ್ಲಿ, ಧ್ವನಿವರ್ಧಕದ ಕಂಬದ ಬುಡದಲ್ಲೇ, ಬೊಕ್ನಿಮ್ ದಿಂಬಿಗೆ ತಲೆಯೊರಗಿಸಿ ಬಾಯಿ ತೆರೆದು ನಿದ್ದೆಹೋಗಿದ್ದಳು. ಅವನ ಬೆರಳು ಮೈಕಿನ ಗುಂಡಿಯ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಅವನು ಮೈಕಿನ ಮೇಲೆ ಬಟ್ಟೆ ಮುಚ್ಚಿ, ಟೋಪಿ ಹಾಕಿಕೊಂಡು, ಬಿಸಿಲಿಗಿಳಿದ. ಒಂದೊಂದು ಕಣಕ್ಕೂ ನಡೆದುಹೋಗಿ, ಒಬ್ಬೊಬ್ಬರ ಕಿವಿಯ ಹತ್ತಿರ ಬಗ್ಗಿ, "ಗಮನಿಸಿ, ಮಗುಚೋ ಹೊತ್ತಾಯ್ತು," ಎಂದು ಪಿಸುಗುಟ್ಟಿದ. ಅಲೆಗೋಡೆಯ ತುದಿ ಮುಟ್ಟುವಷ್ಟರಲ್ಲಿ ಅವನಿಗೂ ಸಾಕುಬೇಕಾಗಿತ್ತು. ದಾಲ್ಸು ಬುಟ್ಟಿಯನ್ನು ಬೋರಲು ಹಾಕಿ ಅವನನ್ನು ಕೂರಿಸಿ, ತಾನು ಸೊಪ್ಪು ಮಗುಚತೊಡಗಿದ.